ಕಪ್ಪೆ ‘ಇಲ್ಲ’ ಎನ್ನಲೆಂದು ಬೇಡಿಕೊಂಡೆ

ಶಿವಭಕ್ತ ಬಂಧುಗಳೇ, 1967ರಲ್ಲಿ ನನ್ನ ಜೀವ ಒಂದು ಕಪ್ಪೆಯ ಮಾತಿನ ಮೇಲೆ ನಿಂತಿತ್ತು. ನಗಬೇಡಿ, ಪೂರ್ತಿ ಓದಿ.

ಮದುವೆಯಾಗಿ ಆರು ವರ್ಷಕ್ಕೆ ಬಸುರಿಯಾಗಿದ್ದೆ. ಮೂರನೇ ತಿಂಗಳಲ್ಲಿ ರಕ್ತ ಹೋಗತೊಡಗಿ, ಹೈದರಾಬಾದಿನ ಆಸ್ಪತ್ರೆಯಲ್ಲಿ ಗರ್ಭ ತೆಗೆದರು. ಒಳಗಿದ್ದದ್ದು ಕೂಸಲ್ಲ, ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳು. ಬಸವಕಲ್ಯಾಣಕ್ಕೆ ಮರಳಿ ಎರಡು ತಿಂಗಳಾದರೂ ರಕ್ತ ನಿಲ್ಲಲಿಲ್ಲ. ರಾತ್ರಿ ಹುಮನಾಬಾದಿನ ತವರಿನಲ್ಲಿ ಉಳಿದು, ಆಸ್ಪತ್ರೆಯವರು ಹೇಳಿದ್ದಂತೆ ಮುಂಜಾನೆಯ ಮೊದಲ ಮೂತ್ರವನ್ನು ಬಾಟಲಿಯಲ್ಲಿ ತುಂಬಿ, ಒದ್ದೆ ಬಟ್ಟೆ ಸುತ್ತಿ, ಅತ್ತೆಯ ಜೊತೆ ಹೈದರಾಬಾದಿನ ಮೊದಲ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಆ ಮೂತ್ರವನ್ನು ಗಂಡು ಕಪ್ಪೆಗೆ ಚುಚ್ಚಿದರು; ಆಗೆಲ್ಲ ಬಸುರಿನ ಪರೀಕ್ಷೆ ಹೀಗೇ. ಬಸುರಿನಲ್ಲಿ ಹುಟ್ಟುವ ಒಂದು ಪ್ರೋಟೀನು ಅದರಲ್ಲಿದ್ದರೆ ಕೆಲವೇ ತಾಸಿನಲ್ಲಿ ಕಪ್ಪೆಗೆ ವೀರ್ಯ ಇಳಿಯುತ್ತದಂತೆ. ಕುತೂಹಲ ತಡೆಯದೆ ಕಪ್ಪೆಯನ್ನು ನೋಡಿಬಂದೆ. ಗಾಜಿನ ಭರಣಿಯಲ್ಲಿ ಗಂಟಲು ಮಿಡಿಯುತ್ತ ಕೂತಿತ್ತು. ನನ್ನ ಹೊಟ್ಟೆಯ ಗುಟ್ಟು ಇದಕ್ಕೆ ಹೇಗೆ ತಿಳಿಯಬೇಕು?

ಕಪ್ಪೆ ‘ಹೌದು’ ಎಂದಿತು. ಅತ್ತೆ ಹಿಗ್ಗಿದರು. “ಅಂದ್ರ ನಮ್ಮ ಸೊಸಿ ಮತ್ತ ಬಸುರಾಗ್ಯಾಳ್ರೀ!”

ಡಾಕ್ಟರಮ್ಮ ಕಲಬುರಗಿ ಕಡೆಯವರು. “ಇಲ್ರೀ ಅವ್ವಾ, ಹೊಟ್ಟ್ಯಾಗ ಕೂಸಿಲ್ಲ. ಗುಳ್ಳಿ ಬೇರು ಉಳಿದು ಕ್ಯಾನ್ಸರ್ ಆಗ್ಯಾದ. ಎದಿ ಫೋಟೋದಾಗೂ ಚುಕ್ಕಿ ಕಂಡಾವ. ಆ ಪ್ರೋಟೀನು ಈ ಕ್ಯಾನ್ಸರೇ ಬಿಡಾಕತ್ತದ. ಕಪ್ಪಿ ಇಲ್ಲ ಅನ್ನೂತನಕ ಸೂಜಿ ಹಾಕಬೇಕ್ರಿ.”

ಅತ್ತೆ ನಂಬಲೇ ಇಲ್ಲ. ಸೋಮವಾರಕ್ಕೊಮ್ಮೆ ನಾರಾಯಣಪುರದ ಶಿವನ ಗುಡಿಗೆ ಕರೆದೊಯ್ದು, ಕಪ್ಪೆ ‘ಹೌದು’ ಎನ್ನಲೆಂದು ಬೇಡುತ್ತಿದ್ದರು. ಪಕ್ಕದಲ್ಲೇ ಕೂತು ನಾನು ‘ಇಲ್ಲ’ ಎನ್ನಲೆಂದು ಬೇಡುತ್ತಿದ್ದೆ. ಒಂದೇ ಮನೆಯವರ ಎರಡು ಬೇಡಿಕೆಯಲ್ಲಿ ಶಿವ ಯಾವುದನ್ನು ಕೇಳಿಯಾನು ಎಂದು ನನಗೇ ಸೋಜಿಗ.

ಸೂಜಿಗೆ ಬಾಯೆಲ್ಲ ಹುಣ್ಣಾಯಿತು, ಗಂಜಿಯೂ ಇಳಿಯಲಿಲ್ಲ. ಎರಡನೇ ಕಪ್ಪೆಯೂ ‘ಹೌದು’ ಎಂದಿತು. “ಇನ್ನ ದವಾಖಾನಿ ಸಾಕ್ರಿ ಅತ್ತಿ, ಸತ್ರ ಸಾಯ್ತೀನಿ” ಎಂದು ಅತ್ತುಬಿಟ್ಟೆ.

ಮರುದಿನ ಸೋಮವಾರ. ಗುಡಿಗೆ ಹೊರಡುವ ಮುನ್ನ ಅತ್ತೆ ನನ್ನ ತಲೆ ಬಾಚಲು ಕೂತರು. ಹಿಡಿ ಕೂದಲು ಹಣಿಗೆಗೇ ಬಂತು. ಗುಡಿಯಲ್ಲಿ ಅವರು ಎಲ್ಲರಿಗೂ ಕೇಳುವಂತೆ ಕೂಗಿದರು: “ಶಿವನೇ, ಮೊಮ್ಮಗ ಬ್ಯಾಡ ನನಗ. ಕಪ್ಪಿ ಇಲ್ಲ ಅನ್ಲಿ. ಈ ಹುಡುಗಿ ಉಳೀಲಿ ಸಾಕು!”

ಆಮೇಲೆ ಒಂದೂ ಸೂಜಿ ಬಿಡದೆ ಹಾಕಿಸಿಕೊಂಡೆ. ಮೂರನೇ ಕಪ್ಪೆ ‘ಇಲ್ಲ’ ಎಂದಿತು. ಮುಂದಿನವೂ ‘ಇಲ್ಲ’ ಎಂದವು, ಎದೆಯ ಚುಕ್ಕಿಗಳೂ ಅಳಿದವು.

ಔಷಧದಿಂದ ವಾಸಿಯಾಯಿತು ಎನ್ನುವವರಿಗೆ ಹೌದು ಎನ್ನುತ್ತೇನೆ. ಆದರೆ ಅತ್ತೆಯ ಮನಸ್ಸು ತಿರುಗಿಸುವ ಔಷಧ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಅದನ್ನು ಕೊಟ್ಟವನಿಗೆ ನಾನು ಇಂದಿಗೂ ಋಣಿ.