ಎಲ್ಲರ ಹಿಂದೆ ಬರುತ್ತಿದ್ದ ಆಥಲ್

ಆಥಲ್ ಪೈಬಸ್‌ಗೆ ಈಗ ಎಪ್ಪತ್ತೊಂಬತ್ತು. ನಮ್ಮ ಸ್ಕಾಟ್ಸ್‌ಡೇಲ್ ಊರಿನಲ್ಲಿ ಅವನನ್ನು ಕಂಡರೆ ಜನ ಮೊದಲಿನ ಹಾಗೆಯೇ ನಿಂತು ಮಾತಾಡಿಸುತ್ತಾರೆ. ಅವನೆದುರು ಸೈಕಲ್ಲಿನ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದಕ್ಕೆ ಕಾರಣ ನಾನು. ಸುತ್ತಿ ಬಳಸಿ ಹೇಳುವ ಚಾಳಿ ನನಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮೂವತ್ತೊಂದು ವರ್ಷ ಅವನು ಶಾಲೆಯ ಬಸ್ಸು ಓಡಿಸಿದ. ಬಸ್ಸು ನಿಲ್ಲಿಸಿದ ಮೇಲೆ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡದೆ ಇಳಿದವನಲ್ಲ. ಯಾವುದಾದರೂ ಮಗು ನಿದ್ದೆ ಹೋಗಿದ್ದರೆ ಎಂಬ ಚಿಂತೆ. ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಸೈಕಲ್ ಸಂಘಕ್ಕೆ ಸೇರಿ, ಹಿಂಬದಿಯವನಾದ. ಹಳದಿ ಅಂಗಿ ತೊಟ್ಟು ಎಲ್ಲರಿಗಿಂತ ಕೊನೆಗೆ ಬರುವ ಕೆಲಸ. ಯಾರ ಟೈರು ಪಂಚರ್ ಆಯಿತು, ಯಾರಿಗೆ ಕಾಲು ಹಿಡಿದುಕೊಂಡಿತು, ಯಾರು ಗುಡ್ಡ ನೋಡಿ ಅಳುತ್ತಾ ಕೂತರು, ಎಲ್ಲ ಅವನದೇ ಪಾಲು. ಚೀಲದಲ್ಲಿ ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ.

"ಈ ಊರಿನ ಎಲ್ಲರ ಅಂಡೂ ನೋಡಿರೋನು ನಾನೊಬ್ನೇ ಕಣ್ರೋ," ಎಂದು ಅವನು ಹೇಳಿದರೆ ಅವನ ಹೆಂಡತಿ ಡಲ್ಸಿ, "ಥೂ, ನಾಚಿಕೆ ಇಲ್ದೋನೆ!" ಎನ್ನುತ್ತಿದ್ದಳು.

ನಮ್ಮಲ್ಲೊಂದು ಪದ್ಧತಿ. ದಾರಿ ಕವಲೊಡೆದಲ್ಲಿ ಒಬ್ಬರು ಇಳಿದು ನಿಂತು, ಹಿಂದೆ ಬರುವವರಿಗೆ ಕೈ ತೋರಿಸಬೇಕು. ಹಳದಿ ಅಂಗಿ ಬಂದು ತಲುಪುವ ತನಕ ಏನೇ ಆದರೂ ಕದಲುವಂತಿಲ್ಲ. ಈ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟು ಬೇರೆ ಯಾರೂ ಇರಲಿಲ್ಲ. ಒಮ್ಮೆ ಒಬ್ಬ ಕವಲು ಬಿಟ್ಟು ಮರದ ಹಿಂದೆ ಉಚ್ಚೆಗೆ ಹೋದದ್ದಕ್ಕೆ ಎಲ್ಲರ ಮುಂದೆ ಅವನ ನೀರಿಳಿಸಿದ್ದೆ. ಅಂದಿನಿಂದ ಕೋರಲ್ ಎಂಬ ನನ್ನ ಹೆಸರಿನ ಬದಲು 'ಕವಲಿನ ಪೊಲೀಸ್' ಎಂದೇ ಹೆಸರು ಬಿತ್ತು. ಬೇಸರವೇನೂ ಆಗಲಿಲ್ಲ, ಒಳಗೊಳಗೇ ಖುಷಿಯೇ ಆಯಿತು.

ಏಳು ವರ್ಷದ ಹಿಂದಿನ ಜನವರಿ, ನಮ್ಮ ಕಡೆ ಅದು ನಡುಬೇಸಿಗೆ. ವರ್ಷಕ್ಕೊಮ್ಮೆಯ ನಮ್ಮ ದೊಡ್ಡ ಸವಾರಿ, ಬೆಳಗಿನಿಂದ ಸಂಜೆಯವರೆಗೆ ವೆಲ್ಡ್‌ಬರೋ ಗುಡ್ಡ ಹತ್ತಿ ಇಳಿಯುವುದು. ಬೆಳಿಗ್ಗೆ ಬಡಗಣ ಗಾಳಿ ಒಲೆಯ ಬಾಯಿ ತೆರೆದ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ಡಾಂಬರು ಟೈರಿಗೆ ಅಂಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬುಡದ ಕವಲಿಗೆ ಬಂದೆವು. ಎಡಕ್ಕೆ ಹೋದರೆ ಗುಡ್ಡದ ರಸ್ತೆ, ನೇರ ಹೋದರೆ ಮರದ ಲಾರಿಗಳು ಓಡಾಡುವ ಕಾಡಿನ ಜಲ್ಲಿ ದಾರಿ. ಅಲ್ಲಿ ನಾನು ನಿಂತೆ.

ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಉಳಿದದ್ದು ಇಬ್ಬರೇ. ಊರಿಗೆ ಹೊಸದಾಗಿ ಬಂದಿದ್ದ ಇಮೋಜೆನ್ ಎಂಬ ಟೀಚರು, ಮತ್ತು ಆಥಲ್. ಅಷ್ಟರಲ್ಲಿ ಗಾಳಿ ತಿರುಗಿತು. ತೆಂಕಣದಿಂದ ಕಪ್ಪು ಮೋಡ ನುಗ್ಗಿ ಬಂತು, ಮೈ ಗಡಗಡ ನಡುಗುವಷ್ಟು ಚಳಿ, ಹಿಂದೆಯೇ ಆಲಿಕಲ್ಲು. ಹೆಲ್ಮೆಟ್ಟಿನ ಮೇಲೆ ಪಟಪಟ, ತೋಳಿನ ಮೇಲೆ ಕೆಂಪು ಬರೆ. ಹತ್ತು ನಿಮಿಷ ತಡೆದೆ. ಇಬ್ಬರೂ ಜೊತೆಗೇ ಇರುತ್ತಾರೆ, ಆಥಲ್‌ಗೆ ದಾರಿ ಗೊತ್ತು ಎಂದು ನನಗೆ ನಾನೇ ಹೇಳಿಕೊಂಡು ಸೈಕಲ್ ಹತ್ತಿದೆ.

ಅವರು ಜೊತೆಗಿರಲಿಲ್ಲ. ಆಥಲ್‌ನ ಟೈರು ಪಂಚರ್ ಆಗಿತ್ತು. ಹುಡುಗಿ ಚಳಿಗೆ ನಡುಗುವುದನ್ನು ನೋಡಿ, "ನೀನು ಮುಂದೆ ಹೋಗು ಮಗಳೇ. ಕವಲಲ್ಲಿ ಕೋರಲ್ ಇರ್ತಾಳೆ, ಅವಳು ಕದಲೋಳಲ್ಲ," ಎಂದು ಕಳಿಸಿದ್ದನಂತೆ.

ಗುಡ್ಡದಾಚೆಯ ಹಾಲ್‌ನಲ್ಲಿ ನಾವೆಲ್ಲ ಚಹಾ ಕುಡಿಯುತ್ತಿದ್ದಾಗ ಆಥಲ್ ತೊಯ್ದು ತೊಪ್ಪೆಯಾಗಿ ಒಬ್ಬನೇ ಒಳಗೆ ಬಂದ. ಸುತ್ತ ನೋಡಿದ.

"ಇಮೋಜೆನ್ ಎಲ್ಲಿ?"

ಎಲ್ಲರೂ ಅವನ ಹಿಂದಿನ ಬಾಗಿಲ ಕಡೆ ನೋಡಿದರು.

"ಕೋರಲ್, ಅವಳು ನಿನ್ನನ್ನ ದಾಟಿದ್ಲಾ?"

ಮೂವತ್ತು ಜನ ನನ್ನ ಮುಖ ನೋಡುತ್ತಿದ್ದರು. ಕವಲು ಬಿಟ್ಟದ್ದಕ್ಕೆ ನನ್ನಿಂದ ಬೈಸಿಕೊಂಡವನೂ ಅಲ್ಲೇ ಇದ್ದ.

"ದಾಟಿದ್ಲಲ್ಲ! ಎಡಕ್ಕೆ ಕೈ ತೋರಿಸ್ದೆ, ಹೋದ್ಲು. ಆಮೇಲೆ ದೂರದಲ್ಲಿ ನಿನ್ನ ಹಳದಿ ಅಂಗಿ ಕಾಣಿಸ್ತು, ನಾನೂ ಹೊರಟೆ," ಎಂದೆ.

ಆ ಒಂದು ಸುಳ್ಳಿಗೆ ಐದು ತಾಸು ಎಲ್ಲರೂ ಗುಡ್ಡದ ರಸ್ತೆಯನ್ನೇ ಜಾಲಾಡಿದರು. ಆಥಲ್ ಅದೇ ಒದ್ದೆ ಬಟ್ಟೆಯಲ್ಲಿ ಮೇಲಕ್ಕೂ ಕೆಳಕ್ಕೂ ಕೂಗುತ್ತಾ ಅಲೆದ. ಬಾಯಿ ಬಿಡಬೇಕೆಂದು ನನಗೆ ಹತ್ತು ಸಲ ಅನಿಸಿತು, ಹತ್ತು ಸಲವೂ ನುಂಗಿಕೊಂಡೆ. ಕೊನೆಗೆ ಆಕೆಯನ್ನು ಕಂಡದ್ದು ಒಬ್ಬ ಲಾರಿಯವನು. ಕಾಡಿನ ದಾರಿಯಲ್ಲಿ ಆರು ಕಿಲೋಮೀಟರ್ ಒಳಗೆ ಜಾರಿ ಬಿದ್ದು, ಭುಜದ ಮೂಳೆ ಮುರಿದು, ಚಳಿಗೆ ಮರಗಟ್ಟಿಹೋಗಿದ್ದಳು. ಬದುಕಿದಳು. ಆದರೆ ತಲೆಗೆ ಪೆಟ್ಟಾಗಿ ಆ ದಿನದ ಯಾವುದೂ ಅವಳಿಗೆ ನೆನಪಿಲ್ಲ.

ಜನ ತಾವೇ ಕತೆ ಕಟ್ಟಿಕೊಂಡರು. ಕೋರಲ್ ದಾರಿ ತೋರಿಸಿದ ಮೇಲೆ ಹುಡುಗಿ ಆಲಿಕಲ್ಲಿಗೆ ಹೆದರಿ ಹಿಂದಿರುಗಿ ಕಾಡಿನೊಳಗೆ ನುಗ್ಗಿರಬೇಕು, ಆಥಲ್ ನೋಡದೆ ದಾಟಿ ಬಂದಿದ್ದಾನೆ ಎಂದರು. ಅವನೂ ಅದನ್ನೇ ನಂಬಿದ. "ಹೌದು, ಆಲಿಕಲ್ಲಿಗೆ ತಲೆ ತಗ್ಗಿಸಿದ್ದೆ. ನೋಡ್ಬೇಕಿತ್ತು," ಎಂದು ಸಂಘದ ಸಭೆಯಲ್ಲಿ ಹಳದಿ ಅಂಗಿಯನ್ನು ಮಡಚಿ ಮೇಜಿನ ಮೇಲಿಟ್ಟ. ಸೈಕಲ್ ಮಾರಿದ. ಆ ಅಂಗಿಯನ್ನು ಯಾರಿಗೆ ಕೊಟ್ಟರು ಗೊತ್ತೇ? ನನಗೆ. ನಾಚಿಕೆಗೆಟ್ಟ ನಾನು ತೊಟ್ಟುಕೊಂಡೆ. ಏಳು ವರ್ಷ ಅದನ್ನು ತೊಟ್ಟು ಎಲ್ಲರ ಹಿಂದೆ ಹೋದೆ.

ಡಲ್ಸಿ ಎರಡು ವರ್ಷದ ಹಿಂದೆ ತೀರಿಕೊಂಡಳು. ಗಂಡ ಒಬ್ಬ ಹೆಣ್ಣುಮಗಳನ್ನು ಕಾಡಲ್ಲಿ ಬಿಟ್ಟುಬಂದ ಎಂದೇ ಅವಳು ನಂಬಿದ್ದಳು.

ಕಳೆದ ಭಾನುವಾರ ಆಥಲ್ ಕೋಲೂರಿಕೊಂಡು ನನ್ನ ಮನೆ ಜಗಲಿ ಹತ್ತಿ ಬಂದ. ಕೈಯಲ್ಲಿ ಅವನ ಹಿತ್ತಲಿನ ರಾಸ್ಪ್‌ಬೆರಿ ತುಂಬಿದ ಡಬ್ಬಿ.

"ತಗೋ ಪೊಲೀಸಮ್ಮ, ತಿನ್ನು. ಎಲ್ಲರ ಹಿಂದೆ ನೀನಿದೀಯ ಅಂತ ನಂಗೆ ನಿದ್ದೆ ಬರತ್ತೆ ನೋಡು."

ಇನ್ನು ತಡೆಯಲು ನನ್ನಿಂದಾಗಲಿಲ್ಲ.

"ಆಥಲ್, ಅವತ್ತು ನಾನು ಕವಲಲ್ಲಿ ಇರಲಿಲ್ಲ. ಅವಳು ಬರೋಕೆ ಮುಂಚೆನೇ ಬಿಟ್ಟು ಹೋಗಿದ್ದೆ. ಸುಳ್ಳು ಹೇಳ್ದೆ."

ಅವನು ನನ್ನನ್ನೇ ನೋಡಿದ. ಮೆಲ್ಲಗೆ ಕುರ್ಚಿಯಲ್ಲಿ ಕುಳಿತ.

"ಹಾಗಾದ್ರೆ ನಾನು ಅವಳನ್ನ ದಾಟಿ ಬರಲಿಲ್ಲ?"

"ಇಲ್ಲ."

ಬೈಯಲಿ ಎಂದು ಕಾದೆ. ಕೋಲಿನಿಂದ ಹೊಡೆದಿದ್ದರೂ ಸುಮ್ಮನಿರುತ್ತಿದ್ದೆ. ಅವನು ಕಣ್ಣೊರೆಸಿಕೊಂಡ. ಆಮೇಲೆ ಎದ್ದ. ಮೂರು ಮೆಟ್ಟಿಲು ಇಳಿಯಲು ಪ್ರತಿ ಮೆಟ್ಟಿಲಿಗೂ ನಿಂತು ಮಂಡಿ ಹಿಡಿದುಕೊಂಡ. ಕೈ ಕೊಡಲು ಹೋದೆ, ಬೇಡವೆಂದು ಸರಿಸಿದ. ಕೆಳಗಿಳಿದ ಮೇಲೆ ತಿರುಗಿ ನಿಂತ.

"ಏಳು ವರ್ಷ, ಕೋರಲ್," ಎಂದ. "ಆಗ ಸೈಕಲ್ ತುಳಿಯೋಕೆ ನನ್ನ ಮಂಡಿ ಚೆನ್ನಾಗಿತ್ತು."