ಹದಿನಾರನೆಯ ಶುಕ್ರವಾರದ ಅಂಜಲ್

ಅವು ಶುಕ್ರವಾರ ಬಂತೆಂದರೆ ಅಲಾರಾಂ ಹೊಡೆಯುವ ಮೊದಲೇ ಎಚ್ಚರವಾಗುತ್ತಿದ್ದ ದಿನಗಳು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು, ನನಗೆ ಹತ್ತು ವರ್ಷ. ಬಹರೈನಿನ ಅವಾಲಿಯಲ್ಲಿ ತೈಲ ಕಂಪನಿಯ ಕ್ವಾರ್ಟರ್ಸ್ ನಮ್ಮ ಮನೆ. ಅಲ್ಲಿಂದ ಸಿತ್ರಾದ ದೋಣಿದಡಕ್ಕೆ, ಕಾರಿನ ಸಿಡಿಯಲ್ಲಿ ನಾಲ್ಕು ಹಾಡು ಮುಗಿಯುವಷ್ಟು ದೂರ. ಐದನೆಯ ಹಾಡು ಯಾವುದೆಂದು ನನಗೆ ಆ ಚಳಿಗಾಲವಿಡೀ ಗೊತ್ತಾಗಲಿಲ್ಲ.

ಅಪ್ಪಾಜಿ ಗದಗಿನವರು. ಪಂಪುಗಳ ಎಂಜಿನಿಯರ್. ಮನೆಯಲ್ಲಿ ತತ್ತಿಯೂ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಹಲ್ಲಿ ಕಂಡರೆ ಅಪ್ಪಾಜಿ ಅದನ್ನು ಕಸದ ಮೊರದ ಮೇಲೆ ಹತ್ತಿಸಿಕೊಂಡು, ಬಾಗಿಲಾಚೆಯ ಬೇವಿನ ಗಿಡದ ಬುಡಕ್ಕೆ ಬಿಟ್ಟು ಬರುತ್ತಿದ್ದರು. ಅಂಥವರು ಒಂದು ದಿನ ಊಟಕ್ಕೆ ಕೂತಾಗ, ತಾವು ಮೀನು ಹಿಡಿಯುವ ದೋಣಿಯಲ್ಲಿ ಹೋಗುವುದಾಗಿ ಹೇಳಿದರು.

ಇದರ ಹಿಂದೆ ಇದ್ದವರು ಇದಿನಬ್ಬ ಮಾಮ. ಉಳ್ಳಾಲದವರು. ಸಲ್ಮಾಬಾದಿನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಪಂಪಿನ ಬಿಡಿಭಾಗ ತರಲು ಹೋಗಿ ಹೋಗಿ ಅಪ್ಪಾಜಿಗೆ ಅವರ ಸ್ನೇಹವಾಗಿತ್ತು. ಮಾಮನ ಅರಬಾಬ್, ಎಂದರೆ ಅವರ ಮಾಲೀಕರು, ತಮ್ಮ ಹಳೆಯ ಫೈಬರ್ ದೋಣಿಯನ್ನು ಶುಕ್ರವಾರ ಬೆಳಿಗ್ಗೆ ಮಾಮನಿಗೆ ಬಿಡುತ್ತಿದ್ದರು. ಚಳಿಗಾಲವೆಂದರೆ ಅಲ್ಲಿ ಚನಾದ್ ಮೀನಿನ ಕಾಲ. ನಮ್ಮ ಕರಾವಳಿಯವರ ಅಂಜಲ್ ಅದೇ. ದೋಣಿಯ ಹಿಂದೆ ಪ್ಲಾಸ್ಟಿಕ್ ಮೀನು ಕಟ್ಟಿದ ದಾರ ಬಿಟ್ಟು, ಗಾಳದ ರಾಡ್ ಹಿಡಿದು ಕೂತು, ಅದನ್ನು ಹಠಕ್ಕೆ ಬಿದ್ದವರಂತೆ ಹುಡುಕುವುದು ಅಲ್ಲಿಯವರ ರಜಾದಿನದ ಆಟ.

ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಲ್ರೀ, ನಮ್ಮ ಮನಿತನದಾಗ ಯಾರರ ಮೀನ ಹಿಡದಾರೇನು?"

"ನಾ ಹಿಡಿಯೂದಿಲ್ಲ. ದೋಣಿ ನಡಸ್ತೀನಿ. ಅಷ್ಟು ದೊಡ್ಡ ನೀರಿನಾಗ ಅವು ಎಲ್ಲಿರ್ತಾವ, ಯಾಕ ಅಲ್ಲೇ ಇರ್ತಾವ, ಅದನ್ನ ನೋಡಬೇಕು ನನಗ."

ಅಮ್ಮ ತನ್ನ ಕರಾರು ಹೇಳಿದಳು. ರಾಡ್ ಮುಟ್ಟಬಾರದು. ಅಪ್ಪಾಜಿಯ ಕೈಯಲ್ಲಿ ಒಂದು ಜೀವ ಹೋದರೆ ಅವತ್ತಿಗೆ ಶುಕ್ರವಾರ ಬಂದ್. ಆಮೇಲೆ ಹಿಟ್ಟು ಮೆತ್ತಿದ ಕೈಯಿಂದ ನನ್ನನ್ನು ತೋರಿಸಿದಳು. "ಇಕಿನ್ನ ಕರಕೊಂಡ ಹೋಗ್ರಿ. ಇಕಿ ಸುಳ್ಳ ಹೇಳೂದಿಲ್ಲ."

ಹೀಗೆ ನಾನು ಸಾಕ್ಷಿಯಾದೆ.

ಮಾಮ ಮುಂಜಾವಿನ ನಮಾಜು ಮುಗಿಸಿ ದಡಕ್ಕೆ ಬಂದಿರುತ್ತಿದ್ದರು. ಮಧ್ಯಾಹ್ನದ ಜುಮಾ ನಮಾಜಿಗೆ ಮೊದಲು ಮರಳಿ ಮುಟ್ಟಬೇಕು. ನಮಗಿದ್ದ ಸಮುದ್ರ ಅಷ್ಟೇ ಹೊತ್ತಿನದು. ಇಳಿತದ ದಿನ ದಡದ ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು, ಜೊತೆಗೆ ಪೆಟ್ರೋಲು, ತುಕ್ಕು, ಮಾಮನ ಫ್ಲಾಸ್ಕಿನ ಏಲಕ್ಕಿ ಸುಲೈಮಾನಿ ಚಹಾ. ದೋಣಿಯ ತಳದಲ್ಲಿ ನೀಲಿ ಬಣ್ಣದ ಎರಡು ಹುಟ್ಟುಗಳನ್ನು ಹಗ್ಗದಿಂದ ಬಿಗಿದಿದ್ದರು. ಎಂಜಿನ್ ಇರುವಾಗ ಅವುಗಳ ಕೆಲಸ ನನ್ನ ಕಾಲು ಒದ್ದೆಯಾಗದಂತೆ ನೋಡಿಕೊಳ್ಳುವುದು ಮಾತ್ರ. ನಾನು ಅವುಗಳ ಮೇಲೆ ಪಾದ ಊರಿ ಕೂರುತ್ತಿದ್ದೆ.

ಅಪ್ಪಾಜಿ ಸ್ಟೀರಿಂಗಿನ ಬಳಿ, ಮಾಮ ಹಿಂದುಗಡೆ ರಾಡ್ ಹಿಡಿದು. ದಿಕ್ಕು ತಪ್ಪದಿರಲು ರಿಫೈನರಿಯ ಜ್ವಾಲೆ ಕಾಣುತ್ತಿತ್ತು. ನೀರಿನಡಿಯ ಹವಳದ ದಿಬ್ಬಕ್ಕೆ ಅಲ್ಲಿ ಫಶ್ತ್ ಎನ್ನುತ್ತಾರೆ. ಅದರ ಅಂಚಿನಲ್ಲಿ ಮನುಷ್ಯ ಓಡುವಷ್ಟು ವೇಗದಲ್ಲಿ ಹಿಂದೆ ಮುಂದೆ ಸುತ್ತುವುದು. ಅಪ್ಪಾಜಿ ಒಂದು ಥರ್ಮಾಮೀಟರನ್ನು ಹುರಿಗೆ ಕಟ್ಟಿ, ನೀರಿಗೆ ಬಿಟ್ಟು, ಅಂಕಿ ನನಗೆ ಕೂಗಿ ಹೇಳುತ್ತಿದ್ದರು. ಅದನ್ನು ನೆನಪಿಡುವುದು ನನ್ನ ಆಟ. ಹದಿನೆಂಟು, ಹದಿನೆಂಟು, ಹತ್ತೊಂಬತ್ತು.

"ಸಾರ್, ಮೀನಿಗೆ ಜ್ವರ ಬಂದದ್ದಾ ಎಂತ, ಹೀಗೆ ನೋಡ್ತೀರಲ್ಲ?" ಎಂದು ಮಾಮ ನಗುತ್ತಿದ್ದರು.

"ಇಪ್ಪತ್ತರ ಮ್ಯಾಲ ಬರ್ಲಿ ಇದಿನಬ್ಬ. ಬೆಚ್ಚನ್ನೀರು ತಣ್ಣೀರು ಎಲ್ಲಿ ಕೂಡ್ತಾವು, ಅಲ್ಲೇ ಅವು ಇರ್ತಾವ."

"ನಮ್ಮ ಊರಲ್ಲಿ ಹಕ್ಕಿ ನೋಡ್ತಾರೆ, ನೀರಿನ ಬಣ್ಣ ನೋಡ್ತಾರೆ. ನೀವು ಡಾಕ್ಟ್ರ ಹಾಗೆ ಕಡ್ಡಿ ಇಡ್ತೀರಿ. ಇರ್ಲಿ, ನೋಡುವ."

ತಿಂಡಿಯ ಹೊತ್ತಿಗೆ ಅಮ್ಮನ ಡಬ್ಬಿ ತೆರೆಯುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಮೊಸರು. ಮಾಮ ಬಕಾಲೆ ಅಂಗಡಿಯಿಂದ ತಂದ ಖುಬ್ಸ್ ಬ್ರೆಡ್ಡನ್ನು ಬದಿಗಿಟ್ಟು ರೊಟ್ಟಿಗೆ ಕೈ ಹಾಕುತ್ತಿದ್ದರು. "ಇದು ಹಪ್ಪಳವಾ ರೊಟ್ಟಿಯಾ ಮಾರಾಯ್ರೆ, ಹಲ್ಲು ಹೋದ್ರೆ ನಿಮ್ಮ ಕಂಪನಿಯ ಆಸ್ಪತ್ರೆಗೆ ಬಿಲ್ಲು" ಎನ್ನುತ್ತಲೇ ಮೂರು ಮುಗಿಸುತ್ತಿದ್ದರು.

ಪ್ಲಾಸ್ಟಿಕ್ ಮೀನುಗಳಿಗೆ ಮಾಮನಿಟ್ಟ ಹೆಸರು ಡುಪ್ಲಿಕೇಟ್. ಅವರ ಪೆಟ್ಟಿಗೆಯಲ್ಲಿ ಐದು ಡುಪ್ಲಿಕೇಟ್ ಇದ್ದವು. ಒಂದರ ಕಣ್ಣಿನ ಬಣ್ಣ ಕಿತ್ತುಹೋಗಿತ್ತು. ಕುರುಡು ಮೀನನ್ನು ಯಾವ ಮೀನು ನಂಬುತ್ತದೆ ಎಂದು ನನಗೆ ಅನ್ನಿಸಿತು. ಅದನ್ನು ಮನೆಗೆ ತಂದು, ಅಮ್ಮನ ಕೆಂಪು ನೇಲ್ ಪಾಲಿಶ್‌ನಿಂದ ಕಣ್ಣು ಬರೆದೆ. ಅಮ್ಮ ಪಕ್ಕದಲ್ಲೇ ಕೂತು ನೋಡಿದಳು. "ಸ್ವಲ್ಪ ದೊಡ್ಡದಾತು" ಎಂದಳು. ಅಷ್ಟೇ ಅಂದದ್ದು.

ಮನೆಗೆ ಬಂದ ಮೇಲೆ ಪ್ರತಿ ವಾರ ಅಮ್ಮನ ಪ್ರಶ್ನೆ ಒಂದೇ. "ಅಪ್ಪಾಜಿ ರಾಡ್ ಮುಟ್ಟಿದ್ರೇನು?"

"ಇಲ್ಲ."

ನಾನು ಹೇಳುತ್ತಿದ್ದುದು ನಿಜ. ಆದರೆ ಕೆಲವು ವಾರಗಳಾದ ಮೇಲೆ ಆ ಪ್ರಶ್ನೆ ಸಾಲದೆಂಬ ಅನುಮಾನ ಶುರುವಾಯಿತು. ರಾಡ್ ಮಾಮನ ಕೈಯಲ್ಲಿತ್ತು, ಹೌದು. ಆದರೆ ದೋಣಿಯನ್ನು ಮೀನಿನ ಕಡೆ ತಿರುಗಿಸುತ್ತಿದ್ದವರು ಯಾರು? ಹಾಗಾದರೆ ಮೀನು ಹಿಡಿಯುವವರು ಯಾರು? ಕಣ್ಣು ಬರೆದವಳು ನಾನು; ನಾನು ಯಾವ ಲೆಕ್ಕದಲ್ಲಿ? ಇದನ್ನು ಯಾರಲ್ಲೂ ಕೇಳಲಿಲ್ಲ. ಕೇಳಿದರೆ ಶುಕ್ರವಾರಗಳು ನಿಂತುಬಿಡುತ್ತವೆಂಬ ಭಯ.

ಆ ಕಾಲ ನಮ್ಮ ದೋಣಿಗೆ ಒಲಿಯಲಿಲ್ಲ. ಬೇರೆ ದೋಣಿಗಳವರು ದಡದಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಚನಾದ್‌ಗಳನ್ನು ಬಾಲ ಹಿಡಿದು ಎತ್ತಿ ತೋರಿಸುತ್ತಿದ್ದರು. ಮಾಮನಿಗೆ ಸಿಕ್ಕಿದ್ದು ಕೊಕ್ಕಿನಂಥ ಬಾಯಿಯ ತೆಳ್ಳನೆಯ ಕೆಲವು ಮೀನು, ಮತ್ತು ಎರಡು ಸಣ್ಣ ಅಂಜಲ್. ಆ ಎರಡನ್ನೂ ಅವರು "ಹೋಗಿ ಅಪ್ಪನನ್ನು ಕಳಿಸು" ಎಂದು ನೀರಿಗೆ ಬಿಟ್ಟಿದ್ದರು. ಅವು ನೀರು ಮುಟ್ಟಿದ ಕ್ಷಣಕ್ಕೆ ಮಾಯವಾದವು. ಅದನ್ನು ನೋಡಿಯೇ ಅಪ್ಪಾಜಿಗೂ ನನಗೂ, ನೀರಿಗೆ ಬಿಟ್ಟರೆ ಮೀನು ಬದುಕುತ್ತದೆ ಎಂದು ಖಾತ್ರಿಯಾಗಿದ್ದು. ಇದನ್ನು ಇಲ್ಲೇ ಹೇಳಿಬಿಡಬೇಕು.

ಹದಿನಾರನೆಯ ಶುಕ್ರವಾರ ಕೊನೆಯದು. ಮುಂದಿನ ವಾರ ಅರಬಾಬ್ ದೋಣಿಯನ್ನು ಬಣ್ಣಕ್ಕೆ ಎತ್ತುವವರಿದ್ದರು. ಅವತ್ತು ಗಾಳಿ ಇರಲಿಲ್ಲ. ಅಪ್ಪಾಜಿ ಹುರಿ ಎಳೆದು "ಇಪ್ಪತ್ತೆರಡು" ಎಂದರು. ಸ್ವಲ್ಪ ಮುಂದೆ ಹೋಗಿ ಮತ್ತೆ ಎಳೆದು "ಇಪ್ಪತ್ತು" ಎಂದರು. ಆಮೇಲೆ ದೋಣಿಯನ್ನು ಆ ಎರಡರ ನಡುವೆ ತಿರುಗಿಸಿದರು. ದಾರದ ತುದಿಯಲ್ಲಿದ್ದದ್ದು ಕೆಂಪು ಕಣ್ಣಿನ ಡುಪ್ಲಿಕೇಟ್.

ರೀಲು ಕಿರುಚಿತು. ಹಾಗೆ ಕಿರುಚುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಾಮ ಎದ್ದು ನಿಂತರು. ಅದೇ ಹೊತ್ತಿಗೆ ಎಂಜಿನ್ ಕೆಮ್ಮಿ ನಿಂತುಹೋಯಿತು. ಯಾರೋ ಬಿಟ್ಟುಹೋದ ಬಲೆಯ ತುಂಡು ನೀರಿನೊಳಗಿನ ಎಂಜಿನ್ ಫ್ಯಾನಿಗೆ ಸುತ್ತಿಕೊಂಡಿತ್ತು. ದೋಣಿ ಮೆಲ್ಲಗೆ ಫಶ್ತಿನ ಕಡೆ ಸರಿಯತೊಡಗಿತು. ಎಂಜಿನ್ ಎತ್ತಿ ಬಲೆ ಬಿಡಿಸುವ ಕೆಲಸ ಗೊತ್ತಿದ್ದದ್ದು ಮಾಮನಿಗೆ ಮಾತ್ರ.

"ಸಾರ್, ಹಿಡೀರಿ!"

"ನಾನಾ?"

"ನೀವಲ್ಲದೆ ಮತ್ತೆ ಕಂಪನಿಯ ಮ್ಯಾನೇಜರಾ? ಹಿಡೀರಿ ಮಾರಾಯ್ರೆ, ರಾಡ್ ಹೋಗ್ತದೆ!"

ಅಪ್ಪಾಜಿ ನನ್ನ ಕಡೆ ನೋಡಿದರು. ಆಮೇಲೆ ಹಿಡಿದರು.

ಎಷ್ಟು ಹೊತ್ತು ನಡೆಯಿತೋ ನಾನು ಅಳೆಯಲಿಲ್ಲ. ದಾರ ಹೋಗುವುದು, ಬರುವುದು. ಅಪ್ಪಾಜಿಯ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನಾನು ಅವರ ಮುಖ ನೋಡಿದೆ. ಅವರು ನಗುತ್ತಿದ್ದರು. ಗದಗಿನ ಮನೆಯ ಹಳೆಯ ಫೋಟೊದಲ್ಲಿ, ಹೊಸ ಸೈಕಲ್ ಹಿಡಿದು ನಿಂತ ಹುಡುಗನ ಮುಖದಲ್ಲಿದ್ದ ನಗು ಅದು. ಮೀನು ದೋಣಿಯ ಬದಿಗೆ ಬಂದಾಗ ನಾನು ಬಲೆಚೀಲ ಒಡ್ಡಿದೆ. ಇಬ್ಬರೂ ಸೇರಿ ಎತ್ತಿದೆವು. ನನ್ನ ಸೊಂಟದವರೆಗೆ ಬರುವಷ್ಟು ಉದ್ದ. ಬೆನ್ನು ನೀಲಿ ಉಕ್ಕು, ಪಕ್ಕದಲ್ಲಿ ಯಾರೋ ಬೆರಳದ್ದಿ ಎಳೆದಂಥ ಅಡ್ಡ ಗೆರೆಗಳು. ಒಂದು ವಾಸನೆ ಬಂತು. ಮೀನಿನದ್ದಲ್ಲ, ಕೊಯ್ದ ಸೌತೆಕಾಯಿಯದ್ದು.

ಅಪ್ಪಾಜಿ ಇಕ್ಕಳದಿಂದ ಕೊಕ್ಕೆ ಬಿಡಿಸಿ ಅದನ್ನು ತಕ್ಷಣ ನೀರಿಗೆ ಬಿಟ್ಟರು. ಅದು ಮಾಯವಾಗಲಿಲ್ಲ. ಪಕ್ಕಕ್ಕೆ ಹೊರಳಿ, ಬಿಳಿಯ ಹೊಟ್ಟೆ ಮೇಲೆ ಮಾಡಿ ತೇಲಿತು.

"ದಣದೈತಿ ಅದು. ಹಿಂಗ ಬಿಟ್ರ ಸಾಯ್ತೈತಿ." ಮತ್ತೆ ಬಲೆಚೀಲದಲ್ಲಿ ಎತ್ತಿದರು. ಐಸ್ ಪೆಟ್ಟಿಗೆಯಲ್ಲಿದ್ದ ಜ್ಯೂಸ್, ನೀರಿನ ಬಾಟಲಿ, ಮಂಜುಗಡ್ಡೆ ಎಲ್ಲ ಹೊರಗೆ ಸುರಿದು, ಬಕೆಟ್ಟಿನಿಂದ ಸಮುದ್ರದ ನೀರು ತುಂಬಿ, ಮೀನನ್ನು ಅದರಲ್ಲಿ ಮಲಗಿಸಿದರು. ಬಾಲ ಹಿಡಿಸದೆ ಸ್ವಲ್ಪ ಬಾಗಿತು. "ಅವ್ವಿ, ನೀ ಹೊಸಾ ನೀರು ಹಾಕ್ತಾ ಇರು. ಸುಧಾರಿಸ್ಕೊಳ್ಳಲಿ. ಆಮ್ಯಾಲ ಬಿಡೋಣು."

ನಾನು ನೀಲಿ ಹುಟ್ಟುಗಳ ಮೇಲೆ ಪಾದ ಊರಿ, ಮಗ್ಗಿನಿಂದ ನೀರು ಮೊಗೆದು ಹಾಕಿದೆ. ಅದರ ತಲೆಯ ಮೇಲೆ ಬೀಳದಂತೆ, ಅಂಚಿನಿಂದ, ನಿಧಾನವಾಗಿ. ಅಪ್ಪಾಜಿ ಮಗುವಿನ ಹಣೆ ಮುಟ್ಟುವ ಹಾಗೆ ಅದರ ಬೆನ್ನಿನ ಮೇಲೆ ಅಂಗೈ ಇಟ್ಟು ಅಲುಗದಂತೆ ಹಿಡಿದಿದ್ದರು. ಥರ್ಮಾಮೀಟರನ್ನೂ ಪೆಟ್ಟಿಗೆಯೊಳಗೆ ಇಳಿಬಿಟ್ಟಿದ್ದರು. ಮೀನು ಬಾಯಿ ತೆರೆಯಿತು, ಮುಚ್ಚಿತು. ನಾನು ಮಗ್ಗುಗಳನ್ನು ಎಣಿಸುತ್ತಿದ್ದೆ. ಇಪ್ಪತ್ತರ ಹೊತ್ತಿಗೆ ಬಾಯಿ ತಡವಾಗಿ ತೆರೆಯತೊಡಗಿತು. ನೆಮ್ಮದಿಯಾಗುತ್ತಿದೆ ಎಂದುಕೊಂಡೆ. ನಾನೇ ಹೇಳಿದೆ, "ಅಪ್ಪಾಜಿ, ನಿದ್ದಿ ಹತ್ತಾಕತೈತಿ ಅದಕ್ಕ."

ನಲವತ್ತೊಂದನೆಯ ಮಗ್ಗು ಹಾಕಿದಾಗ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಬಲೆ ಬಿಡಿಸಿ ಮುಗಿಸಿದ ಮಾಮ ತಿರುಗಿದರು. "ಅಯ್ಯೋ ಸಾರ್, ಎಂತ ಮಾಡಿದ್ರಿ?"

"ನೀರಿನಾಗ ಇಟ್ಟೀನಲ್ಲೋ."

"ನಿಂತ ನೀರಲ್ಲಿ ಬದುಕುವ ಜಾತಿ ಅಲ್ಲ ಸಾರ್ ಇದು. ಓಡ್ತಾ ಇದ್ರೆ ಮಾತ್ರ ಇದಕ್ಕೆ ಉಸಿರು. ಹಿಡಿದು ನಿಲ್ಲಿಸಿದ್ರೆ ನೀರಲ್ಲೇ ಉಸಿರು ಕಟ್ತದೆ."

ಅಪ್ಪಾಜಿಗೆ ಅಂಗೈಯನ್ನು ಅದರ ಬೆನ್ನಿನಿಂದ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಮೊದಲು ಬಂದದ್ದು ಅಳುವಲ್ಲ, ಪ್ರಶ್ನೆ. ನೀರಿನಲ್ಲಿ ಮೀನು ಮುಳುಗಿ ಸಾಯುವುದು ಹೇಗೆ? ಅಳು ಬಂದದ್ದು ಆಮೇಲೆ, ದಡ ಕಾಣುವಾಗ.

ಮಾಮ ನನ್ನ ಪಕ್ಕ ಕೂತರು. "ಮಗಳೇ, ಅಮ್ಮನ ಹತ್ರ ಇದೆಲ್ಲ ಎಂತಕ್ಕೆ? ಇದಿನಬ್ಬ ಹಿಡಿದದ್ದು ಅಂತ ಹೇಳಿದ್ರೆ ಆಯ್ತು. ನಾನು ಹಿಡಿದ್ರೆ ಯಾರಿಗೂ ತಕರಾರು ಇಲ್ಲವಲ್ಲ."

"ಬ್ಯಾಡ ಇದಿನಬ್ಬ," ಎಂದರು ಅಪ್ಪಾಜಿ. "ಆಕಿ ಸಾಕ್ಷಿ. ಸಾಕ್ಷಿಗೆ ಹೇಳಿಕೊಡಬಾರದು."

ಮೀನನ್ನು ಮಾಮ ತಮ್ಮ ರೂಮಿಗೆ ಒಯ್ದರು. ಹಾಳು ಮಾಡಬಾರದು ಎಂದರು. ಅಪ್ಪಾಜಿ ತಲೆಯಾಡಿಸಿದರು. ಮರುವಾರ ಮಾಮ ಫೋನಿನಲ್ಲಿ ಹೇಳಿದರಂತೆ: "ಹನ್ನೊಂದು ಜನ ಉಂಡ್ರು ಸಾರ್, ನಿಮ್ಮ ಹೆಸರು ಹೇಳಿ."

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಲೆ, ರಾಡ್, ಪೆಟ್ಟಿಗೆ, ಮಗ್ಗು. ಅಪ್ಪಾಜಿ ಚಪ್ಪಲಿ ಬಿಡದೆ ನಿಂತು ಕೇಳಿಸಿಕೊಂಡರು. ಅವರ ನಗುವನ್ನು ಮಾತ್ರ ನಾನು ಹೇಳಲಿಲ್ಲ. ಅಮ್ಮ ಅದನ್ನು ಕೇಳಲೂ ಇಲ್ಲ.

ಅಮ್ಮ ಬೈಯಲಿಲ್ಲ. ನನ್ನನ್ನು ಬೇಸಿನ್ನಿಗೆ ಕರೆದೊಯ್ದು, ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿದಳು. ಆಮೇಲೆ ಅಪ್ಪಾಜಿಯ ಕೈಯನ್ನೂ ಹಾಗೆಯೇ ತಿಕ್ಕಿದಳು, ಚಿಕ್ಕ ಹುಡುಗನಿಗೆ ಮಾಡುವ ಹಾಗೆ. "ನೀವು ಉಳಸಾಕ ನೋಡಿದ್ರಿ," ಎಂದಳು. ಕರಾರಿನ ಮಾತೇ ತೆಗೆಯಲಿಲ್ಲ. ಆದರೆ ಮುಂದಿನ ಚಳಿಗಾಲ ಮಾಮ ಕರೆದಾಗ ಅಪ್ಪಾಜಿ ತಾವಾಗಿಯೇ ಬೇಡವೆಂದರು. ಥರ್ಮಾಮೀಟರನ್ನು ಹುರಿಸಮೇತ ಅವರಿಗೆ ಕೊಟ್ಟುಬಿಟ್ಟರು.

ಈಗ ನಾನು ಇದೇ ಬಹರೈನಿನ ಅದ್ಲಿಯಾದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಹೋಟೆಲುಗಳ ಮೆನುವಿನಲ್ಲಿ ಚನಾದ್ ಎಂಬ ಹೆಸರು ಕಂಡಾಗ ಈಗಲೂ ಒಮ್ಮೆ ನಿಂತು ಓದುತ್ತೇನೆ. ಇದಿನಬ್ಬ ಮಾಮ ಗೋದಾಮು ಬಿಟ್ಟು ಊರು ಸೇರಿದರು. ಸಿತ್ರಾದಲ್ಲಿ ನಮ್ಮ ದೋಣಿ ನಿಲ್ಲುತ್ತಿದ್ದ ಕಡೆ ಮಣ್ಣು ತುಂಬಿ, ಗೋಡೆ ಕಟ್ಟಿ, ರಸ್ತೆ ಮಾಡಿದ್ದಾರೆ. ನಾಲ್ಕು ಹಾಡು ಮುಗಿದರೂ ನೀರು ಕಾಣುವುದಿಲ್ಲ. ಐದನೆಯದನ್ನೂ ಪೂರ್ತಿ ಕೇಳಿದ್ದೇನೆ, ಅಂಥ ಹಾಡೇನಲ್ಲ. ದಿನದ ಕೊನೆಗೆ ನನ್ನನ್ನು ನಿಲ್ಲಿಸಿಕೊಂಡು, ಏನು ಕಂಡೆ ಹೇಳು ಎಂದು ಕೇಳುವವರೂ ಈಗ ಇಲ್ಲ.

ಕಳೆದ ವರ್ಷ ಒಂದು ಸಂಜೆ, ಚಹಾ ಕುಡಿಯುತ್ತ, ಅಪ್ಪಾಜಿ ತಾವಾಗಿಯೇ ಕೇಳಿದರು. "ಅವತ್ತ ಎಷ್ಟು ಮಗ್ ನೀರು ಹಾಕಿದ್ದೆ ನೀನು?"

ಯಾವತ್ತು ಎಂದು ನಾನು ಕೇಳಬೇಕಾಗಲಿಲ್ಲ. "ನಲವತ್ತೊಂದು."

"ಹೊತ್ತು ಇತ್ತು ಹಂಗಾರ." ಬಟ್ಟಲನ್ನು ಕೆಳಗಿಟ್ಟರು. "ಅದನ್ನ ಬದಿಗೆ ನೀರಿನಾಗ ಹಿಡಕೊಂಡು ದೋಣಿ ಮುಂದ ಹೋಗಿದ್ರ ಬದುಕ್ತಿತ್ತು."

"ಎಂಜಿನ್ ನಿಂತಿತ್ತಲ್ಲ ಅಪ್ಪಾಜಿ."

ಅವರು ನನ್ನ ಕಾಲಿನ ಕಡೆ ನೋಡಿದರು.

"ಹುಟ್ಟು ಇದ್ವು," ಎಂದರು.