ಹಾಲಿನ ಕೈಗೆ ಒಪ್ಪುವ ಗ್ರಿಪ್

ಹಾರೂಗೇರಿ ಬಸ್ ನಿಲ್ದಾಣದ ಪಕ್ಕ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೈಕಲ್ ರಿಪೇರಿಯ ಲಗಮಣ್ಣ ಹ್ಯಾಂಡಲ್ಲಿನ ಮೂರು ಹೊಸ ನಮೂನೆಯ ಗ್ರಿಪ್ ಮುಂದಿಟ್ಟುಕೊಂಡು, ಕಳ್ಳರನ್ನು ಕೂಡಿಸಿಕೊಂಡ ಫೌಜದಾರನಂತೆ ನೋಡುತ್ತಿದ್ದಾರೆ. ಒಂದು ಸ್ಪಂಜಿನದು, ಒಂದು ಮುಳ್ಳುಮುಳ್ಳಾದ ರಬ್ಬರಿನದು, ಇನ್ನೊಂದರಲ್ಲಿ ಬೆರಳು ಕೂರಲು ತಗ್ಗು, ನಡುನಡುವೆ ದಿಂಡು. ನಿಪ್ಪಾಣಿಯ ಮಾರಾಟಗಾರ ಮೂರನ್ನೂ ಹೊಗಳಿ ಹೋಗಿದ್ದಾನೆ. ಅವನು ಹೊಗಳಿದಷ್ಟೂ ಇವರ ಅನುಮಾನ ಹೆಚ್ಚಿದೆ.

ಗುಡ್ಡ ಹತ್ತುವುದಕ್ಕೆಂದು ಮಾಡಿದ ದಪ್ಪ ಟೈರಿನ ಸೈಕಲ್ಲುಗಳು ಈಗೆರಡು ವರ್ಷದಿಂದ ರಾಯಬಾಗ, ಅಥಣಿ ಕಡೆ ಬಂದು, ಗುಡ್ಡ ಕಾಣದೆ ಹಾಲಿನ ಕ್ಯಾನು ಹೊರುತ್ತಿವೆ; ಈ ಹೊಸ ಗ್ರಿಪ್ಪುಗಳೂ ಅವುಗಳ ಬೆನ್ನಿಗೇ ಬಂದಿವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಲಗಮಣ್ಣ ಸೈಕಲ್ಲಿನ ಬಿಡಿಭಾಗಗಳಿಗೂ ಹಚ್ಚುತ್ತಾರೆ. ಬಿಸಿ ರೊಟ್ಟಿ ಕೊಟ್ಟರೂ ಹಿಂದೆ ಮುಂದೆ ತಿರುವಿ ನೋಡುವ ಮನುಷ್ಯ ಎಂದು ಹೆಂಡತಿ ಕೆಂಪವ್ವ ನಗುತ್ತಾರೆ.

ಇವತ್ತು ಮಾತ್ರ ನಗುವ ಹೊತ್ತಲ್ಲ. ಹಾಲು ಮಾರುವ ಗಂಗಾರಾಮನ ಎಡಗೈಯ ಎರಡು ಬೆರಳು ಹಿಂದೆಯೇ ಮೇವು ಕತ್ತರಿಸುವ ಯಂತ್ರಕ್ಕೆ ಹೋಗಿವೆ. ಈಗ ಹಳೆಯ ಗ್ರಿಪ್ ಹರಿದು, ಹೊಸದು ಹಾಕಿಸಲು ಸೈಕಲ್ಲು ತಂದು ನಿಂತಿದ್ದಾನೆ. ತುಂಬಿದ ಕ್ಯಾನು ಹೇರಿಕೊಂಡು ಕಾಲುವೆಯ ಇಳಿಜಾರಿನಲ್ಲಿ ಬರುವಾಗ ಆ ಕೈ ಜಾರಿತೆಂದರೆ ಮನುಷ್ಯನೇ ಉಳಿಯುವುದಿಲ್ಲ. ಆ ಭಯ ಲಗಮಣ್ಣನ ಎದೆಯಲ್ಲಿ ಕೂತಿದೆ.

ಹಾಲಿನವರ ಕೈ ಸದಾ ಒದ್ದೆ; ಅದಕ್ಕೇ ಗಿರಾಕಿಯ ಕೈಗೆ ಹಾಲು ಸವರಿ ಗ್ರಿಪ್ ತಿರುವಿಸುವುದು ಇವರ ಪರೀಕ್ಷೆ. ಸ್ಪಂಜು ಹಾಲು ಕುಡಿದು ಜಾರಿತು. ಮುಳ್ಳಿನದು ಅಂಗೈ ಕೆಂಪಾಗಿಸಿತು. ತಗ್ಗಿನದರ ದಿಂಡು ಇಲ್ಲದ ಬೆರಳುಗಳ ಬುಡಕ್ಕೇ ಒತ್ತಿತು. ಹೊತ್ತಾಯಿತು, ಯಾವುದಾದರೊಂದು ಹಾಕು ಎಂದು ಗಂಗಾರಾಮ ಅವಸರಪಡಿಸಿದ.

“ಹಾಲು ಒಡದ್ರ ಒಡೀಲಿ, ಅಣ್ಣಾ. ಇದನ್ನ ಯಾರ ಕೈ ನೋಡಿ ಮಾಡ್ಯಾರೋ ಏನೋ, ನಿನ್ನ ಕೈ ಅಂತೂ ನೋಡಿಲ್ಲ” ಎನ್ನುತ್ತ ಲಗಮಣ್ಣ ತಗ್ಗಿನ ಗ್ರಿಪ್ಪಿನಲ್ಲಿ ಅಡ್ಡ ಬಂದ ದಿಂಡುಗಳನ್ನು ಬ್ಲೇಡಿನಿಂದ ಕೆತ್ತಿ ತೆಗೆದರು. ಒಳಗೆ ಪಂಕ್ಚರಿನ ಸೊಲ್ಯೂಶನ್ ಬಳಿದು ಹ್ಯಾಂಡಲ್ಲಿಗೆ ಏರಿಸಿ, ಒಣಗಲು ಬಿಟ್ಟರು. ಮತ್ತೆ ಹಾಲು ಸವರಿ ತಿರುವಿಸಿದರು. ಜಗ್ಗಲಿಲ್ಲ. ಅದನ್ನೂ ನಂಬದೆ, ಗಂಗಾರಾಮನನ್ನು ಅಂಗಡಿಯಲ್ಲೇ ಕೂಡಿಸಿ, ತುಂಬಿದ ಕ್ಯಾನಿನ ಸೈಕಲ್ಲನ್ನು ತಾವೇ ಇಳಿಜಾರು ಇಳಿಸಿ ಬಂದರು, ತಮ್ಮ ಎಡಗೈಯ ಎರಡು ಬೆರಳು ಮಡಚಿಕೊಂಡು.

ಗಂಗಾರಾಮ ಹೋದ ಮೇಲೆ, ಈಗಲಾದರೂ ನಂಬಿಕೆ ಬಂತೇ ಎಂದು ಕೇಳಿದರೆ ಲಗಮಣ್ಣ ರಸ್ತೆಯಿಂದ ಕಣ್ಣು ಕೀಳುವುದಿಲ್ಲ.

“ಗ್ರಿಪ್ ಮ್ಯಾಲೆ ಎಂಥಾ ನಂಬಿಕಿರಿ? ಕ್ಯಾನ್ ಖಾಲಿ ಮಾಡ್ಕೊಂಡು ಅಂವ ದಿನಾ ಇದ ಹಾದೀಲೆ ತಿರುಗಿ ಬರಬೇಕು. ಬಂದಾಗ ನಾ ಒಂದು ಬೈಗಳ ಬೈಬೇಕು. ಅಷ್ಟ ಆದ್ರ ಸಾಕ್ರಿ.”